ಹೊರಗೆ ಉಳಿದ ಚಪ್ಪಲಿ

ಮಹಾದೇವಿ ಅಕ್ಕ ಅಂಗಡಿ ಮುಚ್ಚುವ ಮೊದಲು ಚಪ್ಪಲಿ ಎಣಿಸುತ್ತಿದ್ದಳು. ಸೇಡಂನಲ್ಲಿದ್ದ ಅವಳ ಕಂಪ್ಯೂಟರ್ ಸೆಂಟರಿಗೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಬರಬೇಕು. ಊರ ಫ್ಯಾಕ್ಟರಿಗಳ ಸಿಮೆಂಟ್ ಧೂಳೆಂದರೆ ಅವಳಿಗೆ ಅಷ್ಟು ಸಿಟ್ಟು. ಒಂದು ಜೋಡಿ ಉಳಿದಿದ್ದರೂ ಶಟರ್ ಎಳೆಯುತ್ತಿರಲಿಲ್ಲ. ಒಮ್ಮೆ ಯಾರೋ ಬಿಟ್ಟುಹೋದ ಹರಕು ಚಪ್ಪಲಿಯ ಒಡೆಯನನ್ನು ಟೇಬಲ್ಲುಗಳ ಕೆಳಗೆಲ್ಲ ಹುಡುಕಿದ್ದಳು. ಪ್ರಿಂಟರಿನ ಮುಚ್ಚಳ ತೆಗೆದೂ ನೋಡಿದಳೆಂದು, ಅಲ್ಲೇ ಕೆಲಸಕ್ಕಿದ್ದ ನಾನು ಊರೆಲ್ಲ ಸಾರಿದ್ದೇನೆ.

ಅವಳ ಲಿನಕ್ಸ್ ಕಂಪ್ಯೂಟರಿಗೂ ಅದೇ ನಿಯಮ. ಬಂದ್ ಮಾಡುವ ಮೊದಲು ಕೆಲಸದ ಫೈಲುಗಳಿದ್ದ ಡಿಸ್ಕನ್ನು ಬಿಡಿಸಬೇಕು, ಇಲ್ಲದಿದ್ದರೆ ಫೈಲುಗಳು ಕೆಡಬಹುದು. ಯಾವುದಾದರೂ ಪ್ರೋಗ್ರಾಂ ಅದನ್ನು ಹಿಡಿದು ಕೂತಿದ್ದರೆ ಡಿಸ್ಕ್ ಬಿಡುವುದಿಲ್ಲ.

"ಒಳಗ ಯಾರೋ ಕುಂತಾರ ಅಂತ ತಿಳಿ. ಮೊದಲ ಎದ್ದು ಹೋಗಪ್ಪಾ ಅಂತ ಹೇಳಬೇಕು. ಕೇಳಲಿಲ್ಲಂದ್ರ ಆಮ್ಯಾಲ ಕುತ್ಗಿ ಹಿಡದು ಹೊರಗ ಹಾಕಬೇಕು," ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನ ಕರೆಂಟ್ ಹೋಯಿತು. ಗುಂಡಗುರ್ತಿ ಶಾಲೆಯ ಮಕ್ಕಳ ಸ್ಕಾಲರ್‌ಶಿಪ್ ಫಾರಂ, ಫೋಟೊ ಎಲ್ಲ ಆ ಡಿಸ್ಕಿನಲ್ಲೇ ಇದ್ದವು. ಮರುದಿನವೇ ಕೊನೆಯ ದಿನ. ಐದು ನಿಮಿಷವೂ ತಡೆಯದ ಹಳೆಯ ಯುಪಿಎಸ್ ಕಿರುಚಿದ ಸದ್ದಿಗೆ ಅತ್ತ ವಾಡಿಯಲ್ಲಿ ರೈಲು ನಿಂತಿರಬೇಕು. ಅಕ್ಕ ಡಿಸ್ಕ್ ಬಿಡಿಸಲು ಹೋದರೆ, ಅದು ಬಿಡಲಿಲ್ಲ.

"ತಮ್ಮಾ, ನೀ ಏನರ ಹಚ್ಚೀ ಏನೋ?"

ಹಚ್ಚಿದ್ದೆ. ಗೆಳೆಯನ ಪೆನ್‌ಡ್ರೈವಿನಿಂದ ಒಂದು ಸಿನೆಮಾವನ್ನು ಆ ಡಿಸ್ಕಿಗೆ ಇಳಿಸುತ್ತಿದ್ದೆ. ಪರದೆಯ ಮೇಲೆ ಕಾಣದಂತೆ ಬಚ್ಚಿಟ್ಟೂ ಇದ್ದೆ. ನನ್ನಷ್ಟು ಜಾಣ ಇಡೀ ತಾಲೂಕಿನಲ್ಲಿ ಇರಲಿಲ್ಲ.

"ಇಲ್ಲಕ್ಕಾ, ದೇವರಾಣಿ."

ಅವಳು ಡಿಸ್ಕ್ ಹಿಡಿದು ಕೂತ ಪ್ರೋಗ್ರಾಂಗಳ ಪಟ್ಟಿಯನ್ನು ಪರದೆಯ ಮೇಲೆ ನೋಡುತ್ತ ಒಂದೊಂದನ್ನೇ ಹೊರಗೆ ಕಳಿಸಿದಳು. ಕೊನೆಗೆ ಒಂದೇ ಉಳಿಯಿತು. ಅವಳು ಕೀಬೋರ್ಡಿನಿಂದ ಕೈ ತೆಗೆದಳು. ನನ್ನ ಕಡೆ ತಿರುಗಿದಳು.

"ಹೇಳೋ ತಮ್ಮಾ, ಕೈ ಮುಗೀತೀನಿ. ಮಕ್ಕಳ ಫಾರಂ ಅವ ಇದರಾಗ."

ಬಾಯಿ ತೆರೆದೆ. ಅಷ್ಟರಲ್ಲಿ ಯುಪಿಎಸ್ ಸತ್ತಿತು.

ಕರೆಂಟ್ ಬಂದ ಮೇಲೆ ಡಿಸ್ಕ್ ತೆರೆಯಲೇ ಇಲ್ಲ. ಮರುದಿನ ಅಕ್ಕ ಮೊದಲ ಬಸ್ಸಿಗೇ ಗುಂಡಗುರ್ತಿಗೆ ಹೋಗಿ ಮತ್ತೆ ಫೋಟೊ ತೆಗೆದು, ಮತ್ತೆ ಫಾರಂ ತುಂಬಿದಳು. ಸಂಜೆಯೊಳಗೆ ಅರ್ಧ ಮಕ್ಕಳದ್ದಷ್ಟೇ ಮುಗಿಯಿತು. ಆಮೇಲೆ ಯಾವ ಶಾಲೆಯೂ ಅವಳಿಗೆ ಕೆಲಸ ಕೊಡಲಿಲ್ಲ.

ಅಂಗಡಿ ಖಾಲಿ ಮಾಡಿದ ದಿನ ಸಾಮಾನು ಹೊರಲು ಹೋಗಿದ್ದೆ. ಎಲ್ಲ ಟೆಂಪೋ ಏರಿತು. ಅಕ್ಕ ಶಟರ್ ಹಿಡಿದು ನಿಂತಳು. ಹೊರಗೆ ನನ್ನ ಚಪ್ಪಲಿ ಮಾತ್ರ ಇತ್ತು. ನಾನಿನ್ನೂ ಒಳಗಿದ್ದೆ.

"ಅಕ್ಕಾ, ಅವತ್ತ ಸಿನೆಮಾ ಹಚ್ಚಿದ್ದು ನಾನೇ."

"ಗೊತ್ತದ. ಪಟ್ಟ್ಯಾಗ ಅದರ ಹೆಸರು ಕಂಡಿತ್ತು. ಮೊದಲ ನಿನಗ ಹೇಳಿ ನೋಡ್ದೆ. ಕುತ್ಗಿ ಹಿಡಿಯೋದು ತಡ ಆಯ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಾ, ಚಪ್ಪಲಿ ಹಾಕ್ಕೋ."

ನಾನು ಹೊರಗೆ ಬರುವವರೆಗೂ ಅವಳು ಶಟರ್ ಎಳೆಯಲಿಲ್ಲ.