ಮೇಣದಮ್ಮನ ಕತ್ತರಿ

ಬೀದಿಯವರ ಬಾಯಲ್ಲಿ ಅವಳು ಮೇಣದಮ್ಮ. ಹತ್ತಿ ಬಟ್ಟೆ ಕಂಡರೆ ಅವಳ ಕತ್ತರಿಗೆ ಬಾಯಲ್ಲಿ ನೀರೂರುತ್ತದೆ. ಕತ್ತರಿಸಿದ ತುಂಡಿನ ಮೇಲೆ ಜೇನುಮೇಣ ತುರಿದು, ಕಾಗದ ಮುಚ್ಚಿ, ಇಸ್ತ್ರಿ ಎಳೆದು, ಆರಿದ ಮೇಲೆ ಪ್ಲಾಸ್ಟಿಕ್ಕಿನ ಬದಲು ಅದರಲ್ಲಿ ಬ್ರೆಡ್ಡು, ಅರ್ಧ ಸೌತೆಕಾಯಿ, ಕೊನೆಗೆ ಒಂಟಿ ದ್ರಾಕ್ಷಿಯನ್ನೂ ಸುತ್ತಿಡುತ್ತಾಳೆ. "ತಣ್ಣೀರಲ್ಲೇ ತೊಳೀಬೇಕು, ಬಿಸಿನೀರು ತಾಗಿಸಿದ್ರೆ ನೋಡಿ ಮತ್ತೆ!" ಎಂಬುದು ಗಂಡನಿಗೆ ದಿನವೂ ತಪ್ಪದ ಪಾಠ. ಪರದೆಗಳು ಮುಗಿದು ಅಂಗಿಗಳ ಸರದಿ ಬಂದಾಗ ಅವನು ಸ್ನಾನಕ್ಕೂ ಅಂಗಿ ಬಿಚ್ಚಲು ಹೆದರತೊಡಗಿದ. ಆದರೂ ಒಂದು ದಿನ ಅವನ ಪ್ರೀತಿಯ ನೀಲಿ ಚೌಕಳಿ ಅಂಗಿ ಮಾಯವಾಗಿ, ಮಧ್ಯಾಹ್ನ ಕಚೇರಿಯಲ್ಲಿ ಬುತ್ತಿ ಸುತ್ತಿಕೊಂಡು ಎದುರಾಯಿತು. "ಜೇಬನ್ನೂ ಬಿಡ್ಲಿಲ್ವಲ್ಲೇ ಮಹಾತಾಯಿ!" ಎಂದು ಗೊಣಗುತ್ತಾ ಮೇಣ ಮೆತ್ತಿದ ಜೇಬಿಗೆ ಬೆರಳು ತೂರಿಸಿದ. ಎದೆನೋವು ಬಂದು ಹೋದಾಗಿನಿಂದ ಅವನು ತಪ್ಪದೆ ಮರೆಯುತ್ತಿದ್ದ ಮಧ್ಯಾಹ್ನದ ಮಾತ್ರೆ, ಅಂದಿನದು, ಅಲ್ಲಿ ಕೂತಿತ್ತು. ಅದನ್ನು ನುಂಗಿದ, ಊಟ ಮುಗಿಸಿ ಅಂಗಿಯನ್ನು ತಣ್ಣೀರಲ್ಲೇ ತೊಳೆದ.