ಮೂಸಿ ನೋಡುವ ನೀಲಾಬಾಯಿ

ವಾಳೂಜಿನ ಕಾರ್ಖಾನೆಗಳ ಹಿಂದಿರುವ ನಮ್ಮ ಬಾಲವಾಡಿಯಲ್ಲಿ ಯಾವ ಆಟಿಕೆಯೂ ನೀಲಾಬಾಯಿ ಮೂಸಿ ನೋಡದೆ ಮಕ್ಕಳ ಕೈ ಸೇರುವುದಿಲ್ಲ. ದೇವರ ಹೂವನ್ನು ಮೂಸಬಾರದೆಂದು ಮಕ್ಕಳಿಗೆ ಕಲಿಸುವ ಈ ಭಾಲ್ಕಿಯ ಶಿಕ್ಷಕಿ ಪ್ಲಾಸ್ಟಿಕ್ಕಿನ ಗೊಂಬೆ, ಚೆಂಡುಗಳನ್ನೆಲ್ಲ ಮೂಗಿಗೆ ಹಿಡಿಯುತ್ತಾಳೆ. ಹೊಸ ಚಾಪೆಯನ್ನಂತೂ ಮಂಡಿಯೂರಿ ಈ ತುದಿಯಿಂದ ಆ ತುದಿಯವರೆಗೆ ಮೂಸುತ್ತಾಳೆ. ಘಾಟು ಹೊಡೆದದ್ದೆಲ್ಲ ಮಾಳಿಗೆಯ ಬಿಸಿಲಿಗೆ ಹೋಗುತ್ತದೆ. ಅಲ್ಲೂ ಘಾಟು ಹೋಗದಿದ್ದರೆ ಅದು ಮಕ್ಕಳಿಗೆ ಸಿಗುವುದೇ ಇಲ್ಲ. ಆಟಿಕೆ ಕಾರ್ಖಾನೆಯ ಸೂಪರ್‌ವೈಸರ್ ವಿಶ್ವನಾಥಪ್ಪ ಚೀಲ ಹೊತ್ತು ತಂದು, “ಹೊಚ್ಚ ಹೊಸಾವು ಅದಾವ್ರಿ ಬಾಯಿ, ನಮ್ಮ ಕಾರ್ಖಾನಿ ಡಾಕ್ಟರ್ ಸುದ್ದಾ ಏನೂ ಆಗಂಗಿಲ್ಲ ಅಂದಾರ,” ಎಂದರೆ, “ಡಾಕ್ಟರ್ ಇವನ್ನ ಚೀಪಂಗಿಲ್ಲಲ್ರಿ. ನಿಮ್ಮ ಚಹಾದಾಗ ಒಂದು ಅದ್ದಿ ಕೊಡ್ತೀನಿ, ಕುಡೀತೀರೇನು? ಈ ಕೂಸುಗಳ ಹೊಟ್ಟಿಗೆ ದಿನಾ ಅದರ ರಸಾನೇ ಹೋಗ್ತದ,” ಎನ್ನುತ್ತಾಳೆ. ಆತ ನಗುತ್ತ ಚೀಲವನ್ನು ತಾನೇ ಮಾಳಿಗೆಗೆ ಏರಿಸುತ್ತಾನೆ. ಮೊನ್ನೆ, ದವಡೆ ಹಲ್ಲು ಬರುತ್ತಿರುವ ಪುಟ್ಟ ನಿರುಪಮಾ ಆ ಚೀಲದಿಂದ ಬಿದ್ದ ಹಳದಿ ರಿಂಗೊಂದನ್ನು ಕಚ್ಚುತ್ತಿದ್ದಳು. ನೀಲಾಬಾಯಿ ಅದನ್ನು ಬಿಡಿಸಿಕೊಂಡಾಗ ಮಗು ಬಿಕ್ಕಿ ಬಿಕ್ಕಿ ಅತ್ತಿತು. ಆಕೆ ಕೈ ತೊಳೆದು ಬಂದು ಮಗುವನ್ನು ಎತ್ತಿಕೊಂಡಳು. ಅಷ್ಟರಲ್ಲಿ ಪ್ರಾರ್ಥನೆಯ ಹೊತ್ತಾಗಿ ಎಲ್ಲರೂ ಕೈ ಮುಗಿದರು. ಒಂದು ದಿನವೂ ಪೂಜೆ ತಪ್ಪಿಸದ ನೀಲಾಬಾಯಿ ಮಾತ್ರ ಕೈ ಮುಗಿಯಲಿಲ್ಲ. ಆಕೆಯ ಬೆರಳು ಮಗುವಿನ ಹಲ್ಲುಗಳ ನಡುವೆ ಇತ್ತು.