ಬೈಸಿಕೊಳ್ಳುವ ಭಾಗ್ಯ

ಇವತ್ತು ಬೆಳಗ್ಗೆ ಉಪ್ಪಿನಕಾಯಿಯ ಭರಣಿಗೆ ಒದ್ದೆ ಚಮಚ ಹಾಕಿಬಿಟ್ಟೆ. ಮಾವಿನಕಾಯಿ ಖಾರದ ವಾಸನೆ ಮೂಗಿಗೆ ಬಡಿಯುತ್ತಲೇ ತಪ್ಪು ಗೊತ್ತಾಯಿತು. ಹಳೆಯ ಅಭ್ಯಾಸ, ತಾನಾಗಿ ಹೆಗಲು ಕುಗ್ಗಿತು. ಮೆಲ್ಲಗೆ ಹಿಂದೆ ತಿರುಗಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಎಲ್ಲವನ್ನೂ ನೋಡಿದ್ದರು. ಆದರೆ ಬೈಯಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನಗುವಂತೆ ನನ್ನತ್ತ ಸಣ್ಣಗೆ ನಕ್ಕರು.

ಅತ್ತೆ ಬೈಯದಿದ್ದರೆ ಯಾವ ಸೊಸೆಗೆ ಬೇಸರ ಎಂದು ನೀವು ಕೇಳಬಹುದು. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಕೇಳುತ್ತಿದ್ದೆ. ಅದಕ್ಕೆ ಉತ್ತರ ಕಲಿಸಿದವಳು ಡೆನ್ಮಾರ್ಕಿನಿಂದ ಬಂದ ಒಬ್ಬ ಹುಡುಗಿ.

ಎಂಬತ್ತರ ದಶಕದ ಮಾತು. ನಾನು ದಾವಣಗೆರೆಯವಳು, ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಶಾಲೆಯ ಮಾಸ್ತರರಾದ ನನ್ನ ಗಂಡ, ಎರಡು ಎಮ್ಮೆ. ನಾನು ಬಂದು ಹದಿನೈದು ದಿನ ಆಗಿತ್ತೋ ಇಲ್ಲವೋ, ಊರ ಮಕ್ಕಳ ತೂಕ ನೋಡಿ ಬರೆದುಕೊಳ್ಳಲು ಪರದೇಶದಿಂದ ಒಬ್ಬ ಸ್ವಯಂಸೇವಕಿ ಬರುತ್ತಾಳೆ, ಆರು ತಿಂಗಳ ಮಟ್ಟಿಗೆ ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ಸುದ್ದಿ ಬಂತು. ನನ್ನ ಗಂಡ ಮನೆಯಲ್ಲಿ ಯಾರನ್ನೂ ಕೇಳದೆ ಒಪ್ಪಿಕೊಂಡು ಬಂದರು. ಹೀಗೆ ಒಂದೇ ತಿಂಗಳಲ್ಲಿ ಆ ಮನೆಗೆ ಇಬ್ಬರು ಹೊಸಬರಾದೆವು.

ಅವಳ ಹೆಸರು ಇಂಗ್ರಿಡ್. ಬಾಗಿಲ ಚೌಕಟ್ಟಿಗಿಂತ ಎತ್ತರದ ಹುಡುಗಿ. ಮೊದಲ ವಾರ ಅದಕ್ಕೆ ದಿನಕ್ಕೆರಡು ಸಲ ಹಣೆ ಹೊಡೆಸಿಕೊಂಡಳು. ಮೈಸೂರಿನಲ್ಲಿ ಮೂರು ತಿಂಗಳು ಪುಸ್ತಕ ಹಿಡಿದು ಕನ್ನಡ ಕಲಿತಿದ್ದಳು, ಹಾಗಾಗಿ ಬಾಯಿ ತೆರೆದರೆ ರೇಡಿಯೋ ವಾರ್ತೆ ಓದಿದ ಹಾಗಿರುತ್ತಿತ್ತು. ಓಣಿಯ ಹೆಂಗಸರು ಬಂದು, ಇವಳು ಅಲ್ಲಿ ಏನೇನು ತಿಂದು ಬೆಳೆದವಳೋ, ಹೆಂಗೆ ಒಳಗೆ ಬಿಟ್ಟುಕೊಂಡಿರಿ ಎಂದು ಕೇಳಿದಾಗ ಅತ್ತೆ, ಅಲ್ಲಿ ಏನು ತಿಂದಳೋ ನನಗೆ ಬೇಡ, ಇಲ್ಲಿ ನಾನು ನೀಡಿದ್ದನ್ನು ತಿನ್ನುತ್ತಾಳೆ ಎಂದು ಹೇಳಿ ಕಳಿಸಿದರು. ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ಅವಳನ್ನು ‘ಅಕ್ಕೋರು’ ಎಂದು ಕರೆಯತೊಡಗಿದರು. ನನ್ನ ತವರಿನಿಂದ ಬಂದ ಹೊಸ ಕೌದಿ ಅವಳ ಮಂಚಕ್ಕೆ ಹೋಯಿತು. ಕೆನೆಮೊಸರು ಅವಳ ತಾಟಿಗೆ ಹೋಯಿತು.

ನನ್ನ ಹೊಟ್ಟೆ ಉರಿಯುತ್ತಿತ್ತು. ಯಾಕೆ ಸುಳ್ಳು ಹೇಳಲಿ. ಒಂದು ದಿನ ಇಂಗ್ರಿಡ್ ತಾನೂ ರೊಟ್ಟಿ ಬಡಿಯುತ್ತೇನೆಂದು ಒಲೆಯ ಮುಂದೆ ಕೂತಳು. ಅವಳ ಕೈಯಿಂದ ಹೊರಟ ರೊಟ್ಟಿಗೆ ಮೂರು ಮೂಲೆಯಿತ್ತು, ನಡುವೆ ಎರಡು ತೂತಿದ್ದವು, ತವೆಗೆ ಹಾಕುವಾಗ ಅರ್ಧ ಅವಳ ಮೊಣಕೈಗೇ ಅಂಟಿತ್ತು. ಅತ್ತೆ ಅದನ್ನು ತಾವೇ ತಿಂದು, ಛಂದ ಬಡದೀರಿ ಅಕ್ಕೋರ, ಎಂದರು. ಆಮೇಲೆ ನಾನು ಬಡಿದದ್ದನ್ನು ಎತ್ತಿ ಬೆಳಕಿಗೆ ಹಿಡಿದರು. ದುಂಡಗೇ ಇತ್ತು, ಸ್ವಲ್ಪ ದಪ್ಪವಾಗಿತ್ತು.

“ಇದೇನ್ ರೊಟ್ಟಿ ಬೇ, ಬಂಡಿ ಗಾಲಿಗಿ ಹಚ್ಚಬೇಕಂದಿ ಏನ?” ಎಂದರು.

ಅತ್ತೆಯ ಬೈಗುಳಕ್ಕೆ ಹೊತ್ತು ಗೊತ್ತು ಇರಲಿಲ್ಲ. ಲಿಂಗಪೂಜೆ ಮುಗಿಸಿ ಏಳುತ್ತಲೇ ಶುರು. ಸೆರಗು ಜಾರಿದರೆ, ತಂಬಿಗೆ ಸಪ್ಪಳವಾದರೆ, ಎಮ್ಮೆ ಒದ್ದರೆ, ಒದೆಯದಿದ್ದರೆ ಯಾಕೆ ಒದೆಯಲಿಲ್ಲ ಎಂದು. ಇಂಗ್ರಿಡ್ ಹಾಲಿನ ತಂಬಿಗೆಯನ್ನೇ ಉರುಳಿಸಿದರೂ ‘ಇರ್ಲಿ ಬಿಡ್ರಿ’. ನಾನು ಕ್ಯಾಲೆಂಡರಿನಲ್ಲಿ ಅವಳ ಆರು ತಿಂಗಳು ಎಂದಿಗೆ ಮುಗಿಯುತ್ತದೆಂದು ದಿನ ಎಣಿಸತೊಡಗಿದೆ.

ನಾಲ್ಕು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಇಬ್ಬರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆವು. ಕೆಳಗಿನಿಂದ ಅತ್ತೆ ನನ್ನ ಹೆಸರು ಹಿಡಿದು, ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳುವ ಬುದ್ಧಿಯೂ ಇಲ್ಲವಾ ಎಂದು ಕೂಗಾಡಿ ಒಳಗೆ ಹೋದರು. ಇಂಗ್ರಿಡ್ ತಲೆಗೂ ಬಟ್ಟೆ ಇರಲಿಲ್ಲ. ಅವಳು ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, ತನ್ನ ವಾರ್ತೆಯ ಕನ್ನಡದಲ್ಲಿ ಹೇಳಿದಳು:

“ನನ್ನನ್ನು ಯಾರೂ ಬೈಯುವುದಿಲ್ಲ. ನನ್ನ ತಾಯಿ ದಿನವೂ ಬೈಯುತ್ತಿದ್ದರು. ಇಲ್ಲಿ ನಾನು ಇನ್ನೂ ಹೊರಗಿನವಳು.”

ನನಗೆ ಮೊದಲು ನಗು ಬಂತು. ಅವಳ ಮುಖ ನೋಡಿದ ಮೇಲೆ ನಗು ನಿಂತಿತು. ಆ ಎತ್ತರದ ಹುಡುಗಿ ಅಳುವುದಕ್ಕೆ ಒಂದು ಹೆಜ್ಜೆ ಹಿಂದಿದ್ದಳು. ಹೋಗುವುದರೊಳಗೆ ಒಂದೇ ಒಂದು ಸಲ ನಿನ್ನ ಅತ್ತೆಯ ಕೈಲಿ, ನೀನು ಬೈಸಿಕೊಳ್ಳುವ ಹಾಗೆ, ಬೈಸಿಕೊಳ್ಳಬೇಕು, ನೀನು ಇದರಲ್ಲಿ ಪಳಗಿದವಳು, ಹೇಗೆಂದು ಕಲಿಸು ಎಂದು ಕೇಳಿದಳು. ನಾನು ಅವಳನ್ನು ಕಂಡು ಹೊಟ್ಟೆಕಿಚ್ಚುಪಡುತ್ತಿದ್ದರೆ ಅವಳು ನನ್ನನ್ನು ಕಂಡು ಪಡುತ್ತಿದ್ದಳು. ನಾವು ಸ್ನೇಹಿತೆಯರಾದದ್ದು ಅವತ್ತು.

ಆ ಮನೆಯಲ್ಲಿ ಬೈಸಿಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ಒಪ್ಪಿಕೊಂಡೆ. ಮೊದಲ ಪಾಠ ಉಪ್ಪಿನಕಾಯಿ. ವರ್ಷದ ಭರಣಿಗೆ ಒದ್ದೆ ಚಮಚ ಹಾಕಿದರೆ ಅತ್ತೆ ದೇವರನ್ನೂ ಬಿಡುವವರಲ್ಲ. ಅತ್ತೆ ನೋಡುತ್ತಿರುವಂತೆ ಇಂಗ್ರಿಡ್ ಚಮಚವನ್ನು ನೀರಿನಲ್ಲಿ ಅದ್ದಿ ಭರಣಿಗೆ ಇಳಿಸಿದಳು. ಅತ್ತೆಯ ಮುಖ ಕೆಂಪಾಯಿತು. ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಅತ್ತೆ ನನ್ನ ಕಡೆ ತಿರುಗಿದರು.

“ಅವ್ರು ಒದ್ದಿ ಚಮಚ ಹಾಕೂತನಾ ಬಾಜೂಕ ನಿಂತು ನೋಡಿದಿ ಏನ್ ಬೇ? ಖಬರ ಅದನೋ ಇಲ್ಲೋ ನಿನಗ?”

ಎರಡನೆಯದು ಕಣ. ಜೋಳದ ರಾಶಿಯ ಹತ್ತಿರ ಚಪ್ಪಲಿ ಹಾಕಿಕೊಂಡು ಯಾರೂ ಸುಳಿಯುವುದಿಲ್ಲ. ಹಾಗೆ ತುಳಿಯಲು ಇಂಗ್ರಿಡ್‌ಗೆ ಮನಸ್ಸಾಗಲಿಲ್ಲ. ಕೊನೆಗೆ ಒಂದೇ ಕಾಲು, ಅದೂ ಕಣದ ಅಂಚಿಗೆ ಇಟ್ಟಳು. ಅತ್ತೆ ಕಣ್ಣು ಮುಚ್ಚಿ ಶಿವನನ್ನು ನೆನೆದು, ನೀರು ಚಿಮುಕಿಸಲು ಆಳಿಗೆ ಸನ್ನೆ ಮಾಡಿ, ಕಾಲಿಗೆ ಮುಳ್ಳು ಚುಚ್ಚೀತು ಈ ಕಡೆ ಬರ್ರಿ ಅಕ್ಕೋರ, ಎಂದರು. ಮನೆಗೆ ಬಂದ ಮೇಲೆ ನನಗೆ ಒಂದು ತಾಸು ಪೂಜೆಯಾಯಿತು. ಮೂರನೆಯ ಸಲ ಅವಳು ಬಿಸಿಲೇರುವ ತನಕ ಹೊದ್ದು ಮಲಗಿದಳು. ದಣಿದಾರ ಪಾಪ, ಎಂದು ಅತ್ತೆ ತುದಿಗಾಲಲ್ಲಿ ಓಡಾಡಿದರು. ಲೋಟ ಬೀಳಿಸಿದ್ದಕ್ಕೆ ನನಗೆ ಪಿಸುದನಿಯಲ್ಲೇ ಬೈದರು. ಪಿಸುದನಿಯಲ್ಲಿ ಅಷ್ಟು ಬೈಯಬಹುದೆಂದು ನನಗೆ ಗೊತ್ತಿರಲಿಲ್ಲ. ಸ್ನೇಹಕ್ಕಾಗಿ ಎರಡು ಪಾಲು ಬೈಗುಳ ತಿಂದೆ, ಕಲಿತವಳಿಗೆ ಒಂದು ತುಣುಕೂ ಸಿಗಲಿಲ್ಲ. ಇಂಗ್ರಿಡ್ ಸೋಲೊಪ್ಪಿಕೊಂಡು ಸುಮ್ಮನಾದಳು.

ಅವಳು ಹೋಗುವ ದಿನ ಬಂತು. ರೈಲಿಗೆ ಬಿಡಲು ಬರಬೇಕಿದ್ದ ಜೀಪು ಒಂದು ತಾಸು ಮೊದಲೇ ಬಂದು ಹಾರನ್ ಹೊಡೆಯಿತು. ಅತ್ತೆ ಆಗಷ್ಟೇ ಒಲೆ ಹೊತ್ತಿಸಿ ಹಿಟ್ಟು ನಾದುತ್ತಿದ್ದರು. ಇಂಗ್ರಿಡ್ ಅವರ ಕಾಲಿಗೆ ಬಿದ್ದು, ಇಬ್ಬರೂ ಕಣ್ಣು ಒರೆಸಿಕೊಂಡದ್ದಾಯಿತು. ಡ್ರೈವರ್ ಅವಸರ ಮಾಡಿದ. ಊಟ ದಾರಿಯಲ್ಲಿ ಆಗುತ್ತದೆ, ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಿ ಅವಳು ಹೋಗಿ ಜೀಪಿನಲ್ಲಿ ಕೂತಳು. ಇದನ್ನು ನಾನು ಕಲಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಅತ್ತೆ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದರು.

“ಇಳಿ ಬೇ ಕೆಳಗ. ಆರು ತಿಂಗಳ ನನ್ನ ಕೈಯಾಗ ಉಂಡು, ಹೋಗೂ ದಿನ ಖಾಲಿ ಹೊಟ್ಟೀಲೆ ಹೊಂಟಿ ಏನ? ಅಷ್ಟ್ ದೊಡ್ಡಾಕಿ ಆದಿ ಏನ್ ನೀ? ನಿಮ್ಮವ್ವ ಕೇಳಿದ್ರ ನಾ ಏನ್ ಹೇಳ್ಲಿ? ಖಬರಗೇಡಿ.”

ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಡ್ರೈವರ್ ತನಗೇ ಬೈದರೆಂದುಕೊಂಡು ಎಂಜಿನ್ ಬಂದ್ ಮಾಡಿದ. ಇಂಗ್ರಿಡ್ ಇಳಿದು ಬಂದಳು. ಚೌಕಟ್ಟಿಗೆ ಹಣೆ ಹೊಡೆಸಿಕೊಂಡಳು, ಅದಕ್ಕೂ ಬೈಸಿಕೊಂಡಳು. ಕೂತು ಪುಂಡಿಪಲ್ಯದ ಜೊತೆ ನಾಲ್ಕು ರೊಟ್ಟಿ ತಿಂದಳು, ಅಳುತ್ತ, ನಗುತ್ತ. ಖಾರ ಆಯಿತಾ ಎಂದು ಅತ್ತೆ ಕೇಳಿದರೆ ಹೌದೆಂದು ತಲೆಯಾಡಿಸಿದಳು. ರೈಲು ತಪ್ಪಿತೋ ಸಿಕ್ಕಿತೋ, ಆಗ ಯಾರಿಗೂ ಅದರ ಚಿಂತೆ ಇರಲಿಲ್ಲ.

ಜೀಪು ಹೋದ ಮೇಲೆ ಅತ್ತೆ ಕಟ್ಟೆಯ ಮೇಲೆ ಕೂತು, ಪರದೇಶದ ಹುಡುಗಿಗೆ ತಾವು ಹೆಚ್ಚು ಅಂದುಬಿಟ್ಟರಾ ಎಂದು ನನ್ನನ್ನು ಕೇಳಿದರು. ನನ್ನನ್ನು ಅವರು ಹಾಗೆ ಕೇಳಿದ್ದು ಅದೇ ಮೊದಲು. ಇಲ್ಲ ಅತ್ತಿ, ಸರಿ ಅಂದ್ರಿ, ಎಂದೆ.

ಈಗ ನಾವು ಅಫಜಲಪುರದಲ್ಲಿದ್ದೇವೆ. ಅತ್ತೆಗೆ ಎಂಬತ್ತು ದಾಟಿದೆ. ಹೋದ ದೀಪಾವಳಿಯಿಂದ ಅವರಿಗೆ ನನ್ನ ಗುರುತು ತಪ್ಪಿದೆ. ಮಗನ ಗುರುತನ್ನು ಒಮ್ಮೊಮ್ಮೆ ಹಿಡಿಯುತ್ತಾರೆ, ನನ್ನನ್ನು ಮಾತ್ರ ಯಾರೋ ಬಂದವರು ಎಂದುಕೊಂಡು, ಬರ್ರಿ, ಕೂಡ್ರಿ, ಚಾ ಕುಡದೀರಿ? ಎಂದು ವಿಚಾರಿಸುತ್ತಾರೆ. ಮೊನ್ನೆ ಅವರ ಕಣ್ಣೆದುರೇ ಒಂದು ಪಿಂಗಾಣಿ ಬಟ್ಟಲು ಕೆಳಗೆ ಹಾಕಿ ಒಡೆದೆ. ಈ ವಯಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಬೇಕೆಂದೇ ಒಡೆದೆ. ಇರ್ಲಿ ಬಿಡ್ರಿ, ಎಂದರು. ಮೂವತ್ತು ವರ್ಷಕ್ಕೂ ಹೆಚ್ಚು ಬೈಸಿಕೊಂಡವಳು ನಾನು. ಒಳಗೆ ಹೋಗಿ ಅತ್ತುಬಿಟ್ಟೆ.

ಇವತ್ತು ಮಧ್ಯಾಹ್ನ ಗುಳಿಗೆ ಕೊಡಲು ಹೋದೆ. ನೀವ ಮೊದಲ ತಗೋರಿ, ಎಂದು ರಕ್ತದೊತ್ತಡದ ಗುಳಿಗೆಯನ್ನು ಚಹಾದಂತೆ ನನ್ನ ಕಡೆಗೇ ನೀಡಿದರು. ನಾನು ಬೇಡವೆಂದೆ. ಅವರು ಬಿಡಲಿಲ್ಲ. ಅರ್ಧ ತಾಸು ಈ ಉಪಚಾರ ನಡೆಯಿತು. ನನ್ನ ತಾಳ್ಮೆ ಹೋಯಿತು. ಇಷ್ಟು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ, ದನಿ ಎತ್ತಿದೆ.

“ಸುಮ್ಮ ನುಂಗ್ರಿ ಅತ್ತಿ, ಮುಂಜಾನಿಂದ ಸತಾಯಿಸಾಕತ್ತೀರಿ.”

ಅತ್ತೆ ತಲೆ ಎತ್ತಿದರು. ಹುಬ್ಬು ಗಂಟಾದವು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅತ್ತಿ ಮುಂದ ದನಿ ಎತ್ತತಿ ಏನ್ ಬೇ? ತೌರಮನ್ಯಾಗ ಇದನ್ನೇ ಕಲಿಸ್ಯಾರೇನು?”

ಗುಳಿಗೆ, ನೀರಿನ ಲೋಟ ಕೈಯಲ್ಲೇ ಇದ್ದವು. ಇನ್ನೂ ನಾಲ್ಕು ಮಾತು ಅನ್ನಲಿ ಎಂದು ನಾನು ಕದಲದೆ ಅಲ್ಲೇ ನಿಂತೆ.